ಶಾಲೆಯ ಲೈಬ್ರರಿಗೆ ಗ್ರಾಂಟ್ ಬೇಕು: ಅರ್ಜಿಯಲ್ಲಿ ಏನು ಬರೆಯಬೇಕು, ಯಾಕೆ?

ಶಾಲೆಯಲ್ಲಿ ಲೈಬ್ರರಿ ಇದೆ, ಆದರೆ ಪುಸ್ತಕಗಳು ಹಳೆಯವು. ಯಾವುದೋ ಫೌಂಡೇಶನ್ ಶಾಲಾ ಗ್ರಂಥಾಲಯಗಳಿಗೆ ಗ್ರಾಂಟ್ ಕೊಡುತ್ತಿದೆ ಅನ್ನುವ ಸುದ್ದಿ ಬರುತ್ತದೆ. ಕೊನೆಯ ದಿನಾಂಕ ಹತ್ತಿರದಲ್ಲೇ ಇದೆ. ಸಭೆಯಲ್ಲಿ ಎಲ್ಲರೂ ಒಬ್ಬರ ಕಡೆ ತಿರುಗುತ್ತಾರೆ: "ನಿಮ್ಮ ಬರವಣಿಗೆ ಚೆನ್ನಾಗಿದೆ, ನೀವೇ ಬರೆದುಬಿಡಿ." ಹೀಗೆ ಈ ಕೆಲಸ ಬಂದು ಬೀಳುವುದು ಸಾಮಾನ್ಯವಾಗಿ ಇದನ್ನು ಹಿಂದೆಂದೂ ಮಾಡದವರ ತಲೆಗೆ. ಅವರು ಭಾಷಾ ಶಿಕ್ಷಕರಿರಬಹುದು, ಲೈಬ್ರರಿ ನೋಡಿಕೊಳ್ಳುವವರಿರಬಹುದು, ಪೋಷಕರ ಸಂಘದಲ್ಲಿ ಸ್ವಲ್ಪ ಚುರುಕಾಗಿ ಓಡಾಡುವವರಿರಬಹುದು.

ಇಂಥವರು ಕೂತು ಮೊದಲು ಬರೆಯುವುದು ಒಂದು ಭಾವುಕ ಪತ್ರ. ಪುಸ್ತಕದಿಂದ ಜ್ಞಾನ ಬರುತ್ತದೆ, ಓದು ಬದುಕು ಬದಲಿಸುತ್ತದೆ, ಮಕ್ಕಳೇ ನಾಳಿನ ನಾಗರಿಕರು, ಇತ್ಯಾದಿ. ಒಂದೂ ಸುಳ್ಳಲ್ಲ. ಆದರೆ ಅರ್ಜಿ ಓದುವವರಿಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅವರು ಲೈಬ್ರರಿಗೆ ಅಂತ ದುಡ್ಡು ಎತ್ತಿಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲದಿರುವುದು ನಿಮ್ಮ ಶಾಲೆ. ಅರ್ಜಿಯ ಕೆಲಸ ಅದನ್ನು ತೋರಿಸುವುದು.

ಗ್ರಾಂಟ್ ಅಂದರೆ ಎಂಥ ಹಣ?

ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ಕೊಡುವ, ವಾಪಸ್ ಕೊಡಬೇಕಾಗಿಲ್ಲದ ಹಣವೇ ಗ್ರಾಂಟ್ ಅಥವಾ ಅನುದಾನ. ಇದು ಸಾಲ ಅಲ್ಲ, ಹಾಗಾಗಿ ಬಡ್ಡಿ, ಕಂತು ಇಲ್ಲ. ಸಾಮಾನ್ಯ ದೇಣಿಗೆಯೂ ಅಲ್ಲ. ದೇಣಿಗೆ ಕೊಟ್ಟವರು ರಸೀದಿ ಪಡೆದು ಸುಮ್ಮನಾಗುವುದೇ ಜಾಸ್ತಿ. ಗ್ರಾಂಟ್ ಕೊಟ್ಟವರು ಲೆಕ್ಕ ಕೇಳುತ್ತಾರೆ. ಅರ್ಜಿಯಲ್ಲಿ ನೀವು ಏನು ಮಾಡುತ್ತೇವೆ ಅಂತ ಬರೆದಿರುತ್ತೀರೋ ಅದೇ ಮುಂದೆ ಒಪ್ಪಂದವಾಗುತ್ತದೆ. ಚಿತ್ರಪುಸ್ತಕ ತರುತ್ತೇವೆ ಅಂತ ಬರೆದು ಪ್ರಿಂಟರ್ ತಂದರೆ, ಹಣ ಹಿಂದಿರುಗಿಸಿ ಅಂತ ಕೇಳುವ ಹಕ್ಕು ಅವರಿಗಿರುತ್ತದೆ.

ಹಣ ಕೈಗೆ ಬರುವ ದಾರಿಗಳೂ ಬೇರೆ ಬೇರೆ. ಕೆಲವರು ಪೂರ್ತಿ ಮೊತ್ತ ಮೊದಲೇ ಕೊಡುತ್ತಾರೆ. ಕೆಲವರು ಕಂತುಗಳಲ್ಲಿ ಕೊಡುತ್ತಾರೆ, ಮೊದಲ ಕಂತಿನ ರಿಪೋರ್ಟ್ ನೋಡಿ ಎರಡನೆಯದು. ಇನ್ನು ಕೆಲವು ಕಡೆ ನೀವೇ ಮೊದಲು ಖರ್ಚು ಮಾಡಿ, ಬಿಲ್ ಕಳಿಸಿದ ಮೇಲೆ ಹಣ ಬರುತ್ತದೆ. ಇದನ್ನು ಗಮನಿಸದೆ ಅರ್ಜಿ ಹಾಕಿದ ಶಾಲೆಗೆ ಗ್ರಾಂಟ್ ಸಿಕ್ಕಿದ ದಿನವೇ ತಲೆನೋವು ಶುರು, ಯಾಕೆಂದರೆ ಮೊದಲು ಹಾಕಲು ಕೈಯಲ್ಲಿ ದುಡ್ಡು ಬೇಕಲ್ಲ. ಮ್ಯಾಚಿಂಗ್ ಗ್ರಾಂಟ್ ಅನ್ನುವುದು ಇನ್ನೊಂದು ಬಗೆ. ಅವರು ಒಂದು ಪಾಲು ಹಾಕಬೇಕಾದರೆ ಶಾಲೆಯೂ ಒಂದು ಪಾಲು ಹಾಕಬೇಕು. ಶಾಲೆಯ ಪಾಲು ಕೆಲವೊಮ್ಮೆ ಹಣವೇ ಆಗಬೇಕಾಗಿಲ್ಲ. ಸ್ವಯಂಸೇವಕರ ಸಮಯ, ಕೊಠಡಿ, ಪೀಠೋಪಕರಣಗಳನ್ನೂ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಹಣದ ಬದಲು ಪುಸ್ತಕಗಳನ್ನೇ ಕೊಡುವವರೂ ಇದ್ದಾರೆ. ಅಂಥ ಕಡೆ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಪುಸ್ತಕ ಆರಿಸುವವರು ಯಾರು, ನೀವೋ ಅವರೋ?

ಬರೆಯುವ ಮೊದಲು ಓದುವುದು

ಗ್ರಾಂಟ್ ಪ್ರಕಟಣೆಯನ್ನು ಪೂರ್ತಿ ಓದದೆ ಬರೆಯಲು ಕೂರುವುದರಿಂದ ಹಾಳಾಗುವಷ್ಟು ಅರ್ಜಿಗಳು ಕೆಟ್ಟ ಬರವಣಿಗೆಯಿಂದ ಹಾಳಾಗುವುದಿಲ್ಲ. ಅರ್ಹತೆ ಇಲ್ಲದ ಅರ್ಜಿಯನ್ನು ಓದದೆಯೇ ಪಕ್ಕಕ್ಕಿಡುತ್ತಾರೆ, ಎಷ್ಟು ಚೆನ್ನಾಗಿ ಬರೆದಿದ್ದರೂ ಅಷ್ಟೇ.

ಮೊದಲು ನೋಡಬೇಕಾದದ್ದು ಯಾರು ಅರ್ಜಿ ಹಾಕಬಹುದು ಅನ್ನುವುದನ್ನು. ಕೆಲವರು ಶಾಲೆಗೇ ನೇರವಾಗಿ ಕೊಡುತ್ತಾರೆ. ಕೆಲವರಿಗೆ ನೋಂದಾಯಿತ ಸಂಸ್ಥೆ ಬೇಕು, ಅಂದರೆ ಶಾಲೆ ನಡೆಸುವ ಟ್ರಸ್ಟ್ ಅಥವಾ ಪೋಷಕರ ಸಂಘ. ಹಣ ಯಾವ ಖಾತೆಗೆ ಬರಬೇಕು, ಸಹಿ ಹಾಕುವ ಅಧಿಕಾರ ಯಾರಿಗಿದೆ, ಆಡಿಟ್ ಆದ ಲೆಕ್ಕಪತ್ರ ಎಷ್ಟು ವರ್ಷದ್ದು ಬೇಕು, ಇವನ್ನೆಲ್ಲ ಮೊದಲ ವಾರದಲ್ಲೇ ಬಗೆಹರಿಸಿಕೊಳ್ಳಿ. ಬರವಣಿಗೆ ರಾತ್ರಿ ಕೂತು ಮುಗಿಸಬಹುದು. ಸಹಿ ಹಾಗಲ್ಲ. ಸಹಿ ಹಾಕಬೇಕಾದವರು ಊರಲ್ಲಿರಬೇಕು, ಮನಸ್ಸೂ ಮಾಡಬೇಕು.

ಆಮೇಲೆ, ಯಾವುದಕ್ಕೆ ಹಣ ಕೊಡುವುದಿಲ್ಲ ಅನ್ನುವ ಪಟ್ಟಿ. ಕಟ್ಟಡ, ಸಂಬಳ, ಕಂಪ್ಯೂಟರ್, ಈಗಾಗಲೇ ಮಾಡಿದ ಖರ್ಚು, ಇವು ಎಷ್ಟೋ ಕಡೆ ಹೊರಗಿರುತ್ತವೆ. ಪದಮಿತಿ ಇದ್ದರೆ ಅದು ಪದಗಳ ಲೆಕ್ಕವೋ ಅಕ್ಷರಗಳ ಲೆಕ್ಕವೋ ನೋಡಿ. ಆನ್‌ಲೈನ್ ಫಾರಂಗಳು ಮಿತಿ ದಾಟಿದ ಸಾಲನ್ನು ಹೇಳದೆ ಕೇಳದೆ ಕತ್ತರಿಸಿಬಿಡುವುದುಂಟು.

ಹೊಸಬರು ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ಆ ಸಂಸ್ಥೆ ಹಿಂದಿನ ವರ್ಷಗಳಲ್ಲಿ ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ ಕೊಟ್ಟಿದೆ ಅಂತ ಹುಡುಕುವುದು. ಪ್ರಕಟಣೆಯಲ್ಲಿ "ಓದುವ ಸಂಸ್ಕೃತಿ ಬೆಳೆಸುವುದು" ಅಂತ ಏನೋ ದೊಡ್ಡದಾಗಿ ಬರೆದಿರುತ್ತಾರೆ. ಹಿಂದೆ ಕೊಟ್ಟ ಪಟ್ಟಿ ನೋಡಿದರೆ ಎಲ್ಲವೂ ಪುಟ್ಟ ಮಕ್ಕಳ ಓದಿಗೇ ಹೋಗಿರಬಹುದು. ಹಾಗಿದ್ದಾಗ ಹತ್ತನೇ ತರಗತಿಯ ರೆಫರೆನ್ಸ್ ಪುಸ್ತಕಗಳಿಗೆ ಅಲ್ಲಿ ಅರ್ಜಿ ಹಾಕಿ ಕಾಯುವುದು ಸುಮ್ನೆ ಶ್ರಮ. ಸಂಶಯ ಇದ್ದರೆ ಪ್ರಕಟಣೆಯಲ್ಲಿ ಕೊಟ್ಟಿರುವವರಿಗೆ ಮೇಲ್ ಮಾಡಿ ಕೇಳಿ. ಇದು ತಪ್ಪು ತಿಳಿಯುವಂಥ ವಿಷಯ ಅಲ್ಲ. ಹೊಂದದ ಅರ್ಜಿ ಓದುವುದಕ್ಕಿಂತ ಒಂದು ಪ್ರಶ್ನೆಗೆ ಉತ್ತರಿಸುವುದು ಅವರಿಗೂ ಸುಲಭ.

ಅರ್ಜಿ ಓದುವವರು ಹೇಗೆ ಓದುತ್ತಾರೆ?

ಶಿಕ್ಷಕರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂತ ಮೌಲ್ಯಮಾಪಕರನ್ನು ನೆನೆಸಿಕೊಳ್ಳಿ. ಕೈಯಲ್ಲಿ ಅಂಕಗಳ ಹಂಚಿಕೆ ಇರುತ್ತದೆ. ಮೂರನೇ ಪ್ರಶ್ನೆಗೆ ಹುಡುಗ ಎಷ್ಟೇ ಸೊಗಸಾಗಿ ಬರೆದಿರಲಿ, ಐದನೇ ಪ್ರಶ್ನೆ ಖಾಲಿ ಬಿಟ್ಟಿದ್ದರೆ ಅಲ್ಲಿ ಸೊನ್ನೆ. ಉತ್ತರ ಬೇರೆಲ್ಲೋ ಅಡಗಿದ್ದರೆ ಹುಡುಕುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ.

ಬಹಳಷ್ಟು ಗ್ರಾಂಟ್ ಸಮಿತಿಗಳ ಕೆಲಸವೂ ಹೀಗೇ ನಡೆಯುತ್ತದೆ. ಅಗತ್ಯಕ್ಕೆ ಇಷ್ಟು ಅಂಕ, ಯೋಜನೆಗೆ ಇಷ್ಟು, ಬಜೆಟ್‌ಗೆ ಇಷ್ಟು, ಮುಂದುವರಿಕೆಗೆ ಇಷ್ಟು. ಒಬ್ಬರಲ್ಲ, ಎರಡು ಮೂರು ಜನ ಬೇರೆ ಬೇರೆಯಾಗಿ ಓದಿ ಅಂಕ ಹಾಕಿ, ಆಮೇಲೆ ಕೂತು ಚರ್ಚಿಸುತ್ತಾರೆ. ಅವರಲ್ಲಿ ಲೈಬ್ರರಿ ಗೊತ್ತಿರುವವರೂ ಇರಬಹುದು, ಬರೀ ಲೆಕ್ಕಪತ್ರ ಗೊತ್ತಿರುವವರೂ ಇರಬಹುದು. ಅದಕ್ಕೇ ಫಾರಂನಲ್ಲಿ ಕೇಳಿದ ಕ್ರಮದಲ್ಲೇ, ಅವರು ಬಳಸಿದ ಪದಗಳಲ್ಲೇ ಉತ್ತರಿಸಬೇಕು. "ಸುಸ್ಥಿರತೆ" (ಹಣ ಮುಗಿದ ಮೇಲೂ ಕೆಲಸ ಮುಂದುವರಿಯುವುದು) ಅಂತ ಕೇಳಿದ್ದರೆ ನಿಮ್ಮ ಉತ್ತರದ ಮೊದಲ ಸಾಲಿನಲ್ಲೇ ಆ ಪದ ಇರಲಿ. ಕೃತಕ ಅನಿಸಬಹುದು, ಪರವಾಗಿಲ್ಲ.

ಅಂಕಗಳ ಹಂಚಿಕೆಯನ್ನು ಪ್ರಕಟಿಸಿದ್ದರೆ ಅದನ್ನು ಮೇಜಿನ ಮೇಲಿಟ್ಟುಕೊಂಡೇ ಬರೆಯಿರಿ. ಶಾಲೆಯ ಇತಿಹಾಸಕ್ಕೆ ಅಂಕವೇ ಇಲ್ಲದಿದ್ದಾಗ ಎರಡು ಪ್ಯಾರಾ ಸ್ಥಾಪಕರ ಬಗ್ಗೆ ಬರೆದು ಏನು ಬಂತು?

"ಪುಸ್ತಕ ಇಲ್ಲ" ಅನ್ನುವುದು ಸಾಲದು

ಅರ್ಜಿಯ ಜೀವ ಇರುವುದು ಅಗತ್ಯದ ವಿವರಣೆಯಲ್ಲಿ. ಸಾಮಾನ್ಯವಾಗಿ ಅಲ್ಲಿ ಹೀಗೆ ಬರೆದಿರುತ್ತದೆ: "ನಮ್ಮ ಗ್ರಂಥಾಲಯದಲ್ಲಿ ಸಾಕಷ್ಟು ಪುಸ್ತಕಗಳಿಲ್ಲ. ಆದ್ದರಿಂದ ಪುಸ್ತಕಗಳು ಬೇಕು." ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ಮಾತು. ಪುಸ್ತಕ ಇಲ್ಲದಿರುವುದರಿಂದ ಯಾವ ಮಕ್ಕಳಿಗೆ ಏನು ಮಾಡಲು ಆಗುತ್ತಿಲ್ಲ ಅನ್ನುವುದು ಅಗತ್ಯ. "ಮೂರರಿಂದ ಐದನೇ ತರಗತಿಯ ಮಕ್ಕಳು ತಾವಾಗಿಯೇ ಓದಿಕೊಳ್ಳಬಲ್ಲ ಮಟ್ಟದ ಪುಸ್ತಕ ನಮ್ಮಲ್ಲಿ ತಲೆಗೆ ಒಂದು ಕೂಡ ಇಲ್ಲ, ಹಾಗಾಗಿ ಲೈಬ್ರರಿ ಅವಧಿಯಲ್ಲಿ ಅವರು ಪಠ್ಯಪುಸ್ತಕವನ್ನೇ ತಂದು ಕೂರುತ್ತಾರೆ." ಈ ಒಂದು ವಾಕ್ಯ ಓದಿದವರ ಕಣ್ಣಿಗೆ ಕೊಠಡಿ ಕಾಣುತ್ತದೆ.

ಇಂಥ ವಾಕ್ಯ ಬರೆಯಲು ಬೇಕಾದ ಮಾಹಿತಿ ಲೈಬ್ರರಿಯಲ್ಲೇ ಬಿದ್ದಿರುತ್ತದೆ. ಆಕ್ಸೆಶನ್ ರಿಜಿಸ್ಟರ್, ಅಂದರೆ ಬಂದ ಪ್ರತಿ ಪುಸ್ತಕವನ್ನೂ ನಂಬರ್ ಹಾಕಿ ದಾಖಲಿಸುವ ಪುಸ್ತಕ, ನಿಮ್ಮಲ್ಲಿ ಏನೇನಿದೆ ಅಂತ ಹೇಳುತ್ತದೆ. ಇಶ್ಯೂ ರಿಜಿಸ್ಟರ್ ಯಾರು ಏನು ಒಯ್ದರು ಅಂತ ಹೇಳುತ್ತದೆ. ಎರಡನ್ನೂ ಇಟ್ಟುಕೊಂಡು ಒಂದು ಮಧ್ಯಾಹ್ನ ಕೂತರೆ ಸಾಕಷ್ಟು ವಿಷಯ ಹೊರಬರುತ್ತದೆ. ಯಾವ ತರಗತಿಯವರು ಹೆಚ್ಚು ಒಯ್ಯುತ್ತಾರೆ, ಯಾವ ತರಗತಿಯವರು ಬರುವುದೇ ಇಲ್ಲ, ಕಳೆದ ವರ್ಷ ಒಮ್ಮೆಯೂ ಕಪಾಟು ಬಿಟ್ಟು ಕದಲದ ಪುಸ್ತಕಗಳು ಎಷ್ಟು. ಮನೆಮಾತು ಒಂದು, ಪುಸ್ತಕಗಳ ಭಾಷೆ ಇನ್ನೊಂದು ಆಗಿದ್ದರೆ ಅದೂ ಇಲ್ಲಿ ಕಾಣುತ್ತದೆ.

ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕಲ್ವಾ? ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೋ ಸೇರಿ 2002ರಲ್ಲಿ ಶಾಲಾ ಗ್ರಂಥಾಲಯಗಳಿಗೆ ಮಾರ್ಗಸೂಚಿ ತಂದವು. ಅದರ ಪ್ರಕಾರ ಒಬ್ಬ ವಿದ್ಯಾರ್ಥಿಗೆ 10 ಪುಸ್ತಕ ಇದ್ದರೆ ಅದು ಸಮಂಜಸ ಸಂಗ್ರಹ, ತೀರಾ ಚಿಕ್ಕ ಶಾಲೆಯಲ್ಲೂ ಕನಿಷ್ಠ 2,500 ಉಪಯುಕ್ತ ಹಾಗೂ ಹೊಸತಾದ ಪುಸ್ತಕ, ಸಾಮಗ್ರಿ ಇರಬೇಕು. ಸಂಗ್ರಹದಲ್ಲಿ ಶೇಕಡಾ 60ರಷ್ಟಾದರೂ ಪಠ್ಯಕ್ರಮಕ್ಕೆ ಸಂಬಂಧಿಸಿದ, ಕಥೆಯಲ್ಲದ ಪುಸ್ತಕಗಳಿರಬೇಕು ಅಂತಲೂ ಅದರಲ್ಲಿದೆ. ಎಷ್ಟೋ ಶಾಲೆಗಳಿಗೆ ಇದು ದೂರದ ಮಾತು. ಆದರೂ "ನಮ್ಮಲ್ಲಿ ತಲಾ 3 ಇದೆ, 2002ರ ಮಾರ್ಗಸೂಚಿ 10 ಅಂದಿತ್ತು" ಅಂತ ಬರೆದಾಗ "ಸಾಕಷ್ಟಿಲ್ಲ" ಅನ್ನುವ ಮಾತಿಗೆ ತೂಕ ಬರುತ್ತದೆ. ನಿಮ್ಮ ಸರ್ಕಾರ ಅಥವಾ ಶಿಕ್ಷಣ ಮಂಡಳಿ ತನ್ನದೇ ಮಾನದಂಡ ಕೊಟ್ಟಿದ್ದರೆ ಅದನ್ನು ಬಳಸುವುದು ಇನ್ನೂ ಒಳ್ಳೆಯದು.

ಪುಸ್ತಕಗಳ ವಯಸ್ಸು ನೋಡಿದರೆ ಇನ್ನೂ ಮಜಾ ಇದೆ. ವಿಜ್ಞಾನದ ಕಪಾಟಿನಿಂದ ಸೌರಮಂಡಲದ ಪುಸ್ತಕ ತೆಗೆಯಿರಿ. ಒಂಬತ್ತು ಗ್ರಹಗಳಿವೆ ಅಂತ ಇದೆಯೇ? ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. ಅಟ್ಲಾಸ್‌ನಲ್ಲಿ ದಕ್ಷಿಣ ಸುಡಾನ್ ಇಲ್ಲದಿದ್ದರೆ ಅದು 2011ಕ್ಕಿಂತ ಹಳೆಯದು. ಆವರ್ತ ಕೋಷ್ಟಕದ ಏಳನೇ ಸಾಲಿನಲ್ಲಿ ಹೆಸರಿಲ್ಲದ ಜಾಗಗಳಿದ್ದರೆ ಅದು 2016ಕ್ಕಿಂತ ಹಿಂದಿನದು, ಯಾಕೆಂದರೆ 113, 115, 117, 118ನೇ ಧಾತುಗಳಿಗೆ ಅಧಿಕೃತ ಹೆಸರು ಸಿಕ್ಕಿದ್ದು ಆ ವರ್ಷ. ನಾಲ್ಕು ಪುಸ್ತಕ ತೆಗೆದು ನೋಡಿದರೆ ಸಾಲದು. ಒಂದು ವಿಭಾಗದ ಎಲ್ಲ ಪುಸ್ತಕಗಳ ಪ್ರಕಟಣೆಯ ವರ್ಷ ಬರೆದು ಸರಾಸರಿ ತೆಗೆಯಿರಿ. "ನಮ್ಮ ವಿಜ್ಞಾನ ಪುಸ್ತಕಗಳ ಸರಾಸರಿ ಪ್ರಕಟಣಾ ವರ್ಷ 1998, ಅವುಗಳಲ್ಲಿ ಸೌರಮಂಡಲದ ಬಗ್ಗೆ ಇರುವ ಒಂದೂ ಈಗ ಸರಿಯಿಲ್ಲ" ಅಂತ ಬರೆಯಲು ಸಾಧ್ಯವಾದರೆ, ಆ ಸಾಲನ್ನು ಸಮಿತಿಯವರು ಚರ್ಚೆಯಲ್ಲಿ ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ.

ಇಲ್ಲೊಂದು ಎಚ್ಚರಿಕೆ. ಲೆಕ್ಕ ಹಾಕುವ ಮೊದಲು ಹರಿದ, ಗೆದ್ದಲು ಹಿಡಿದ, ತಪ್ಪು ಮಾಹಿತಿಯ ಪುಸ್ತಕಗಳನ್ನು ಪಟ್ಟಿ ಮಾಡಿ ಬೇರೆ ಇಡಿ. ಗ್ರಂಥಪಾಲಕರು ಇದನ್ನು ವೀಡಿಂಗ್ ಅನ್ನುತ್ತಾರೆ, ಅಂದರೆ ಕಳೆ ಕೀಳುವುದು. ಹಾಗೆ ಮಾಡಿದರೆ ಸಂಖ್ಯೆ ಕಡಿಮೆಯಾಗಿ ಶಾಲೆಯ ಮರ್ಯಾದೆ ಹೋಗುತ್ತದೆ ಅಂತ ಹಿಂಜರಿಯುವವರಿದ್ದಾರೆ. ನಿಜದಲ್ಲಿ ಕಸವನ್ನೂ ಎಣಿಕೆಗೆ ಸೇರಿಸಿದರೆ ನಿಮ್ಮ ಕೊರತೆಯನ್ನು ನೀವೇ ಮುಚ್ಚಿಟ್ಟ ಹಾಗೆ.

ಅಂಕಿಗಳ ನಡುವೆ ಒಂದು ಮಗುವಿನ ಪುಟ್ಟ ಪ್ರಸಂಗ ಇದ್ದರೆ ಚೆನ್ನ. ಒಂದೇ ಸಾಕು. ಹೆಸರು, ಫೋಟೋ, ಮನೆಯ ಪರಿಸ್ಥಿತಿ ಹಾಕಬೇಡಿ, ಪೋಷಕರ ಒಪ್ಪಿಗೆಯಿಲ್ಲದೆ ಅಂತೂ ಬೇಡವೇ ಬೇಡ. ಮಕ್ಕಳನ್ನು ಪಾಪದವರ ಹಾಗೆ ಚಿತ್ರಿಸುವುದೂ ಬೇಡ. ಓದಲು ಆಸೆಯಿದ್ದು ದಾರಿ ಸಿಗದ ಮಗು ಅಂತ ಬರೆಯುವುದು ಬೇರೆ, ಕರುಣೆ ಹುಟ್ಟಿಸಲು ಬರೆಯುವುದು ಬೇರೆ.

ಕೊಂಡದ್ದು ಒಂದು, ಬದಲಾದದ್ದು ಇನ್ನೊಂದು

ಅರ್ಜಿಗಳಲ್ಲಿ ಔಟ್‌ಪುಟ್, ಔಟ್‌ಕಮ್ ಅನ್ನುವ ಎರಡು ಮಾತು ಪದೇ ಪದೇ ಬರುತ್ತವೆ. ಕೇಳಲು ಒಂದೇ ಥರ ಇದ್ದರೂ ಕೇಳುವುದು ಬೇರೆ ಬೇರೆ. 600 ಪುಸ್ತಕ ಕೊಂಡೆವು, ನಾಲ್ಕು ಕಪಾಟು ಬಂತು, ಇಬ್ಬರು ಶಿಕ್ಷಕರಿಗೆ ತರಬೇತಿ ಆಯಿತು, ಇವು ಔಟ್‌ಪುಟ್, ಮಾಡಿದ ಕೆಲಸದ ಲೆಕ್ಕ. ಮಕ್ಕಳು ಮೊದಲು ತಿಂಗಳಿಗೊಂದು ಪುಸ್ತಕ ಒಯ್ಯುತ್ತಿದ್ದರು, ಈಗ ಮೂರು ಒಯ್ಯುತ್ತಾರೆ ಅನ್ನುವುದು ಔಟ್‌ಕಮ್, ಅಂದರೆ ಕೆಲಸದಿಂದ ಆದ ಬದಲಾವಣೆ. ಹಣ ಕೊಡುವವರಿಗೆ ಎರಡೂ ಬೇಕು, ಆದರೆ ಅವರು ದುಡ್ಡು ಹಾಕುವುದು ಎರಡನೆಯದಕ್ಕೆ. ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಅನ್ನುವುದು. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಹೊಳೆಯುವ 600 ಹೊಸ ಪುಸ್ತಕ ಔಟ್‌ಪುಟ್ ಆಗಬಹುದು, ಔಟ್‌ಕಮ್ ಆಗುವುದಿಲ್ಲ.

ಬದಲಾವಣೆ ಆಯಿತು ಅಂತ ತೋರಿಸಲು ಮೊದಲು ಹೇಗಿತ್ತು ಅನ್ನುವುದು ಗೊತ್ತಿರಬೇಕು. ಈ ಮೊದಲಿನ ಅಂಕಿಗೆ ಬೇಸ್‌ಲೈನ್ ಅನ್ನುತ್ತಾರೆ. ಇಶ್ಯೂ ರಿಜಿಸ್ಟರ್ ಸರಿಯಾಗಿ ಬರೆಯದ ಶಾಲೆ ಇಲ್ಲಿ ಸಿಕ್ಕಿಬೀಳುತ್ತದೆ. ಹಾಗಿದ್ದರೆ ಅರ್ಜಿ ಹಾಕುವ ಮುಂಚೆ ಒಂದು ತಿಂಗಳಾದರೂ ನೆಟ್ಟಗೆ ದಾಖಲೆ ಇಡಿ, "ಇದು ಒಂದು ತಿಂಗಳ ಅಂಕಿ" ಅಂತ ಪ್ರಾಮಾಣಿಕವಾಗಿ ಬರೆಯಿರಿ.

ಗುರಿ ಎಷ್ಟು ದೊಡ್ಡದಿರಬೇಕು? ಪುಸ್ತಕ ತಂದ ಒಂದೇ ವರ್ಷದಲ್ಲಿ ಪರೀಕ್ಷೆಯ ಫಲಿತಾಂಶ ಏರುತ್ತದೆ ಅಂತ ಬರೆಯಲು ಕೈ ತುಡಿಯುತ್ತದೆ. ಬರೆಯಬೇಡಿ. ಅಂಕ ಏರಲು, ಇಳಿಯಲು ನೂರು ಕಾರಣ ಇರುತ್ತವೆ. ಏರಿದರೂ ಅದು ಲೈಬ್ರರಿಯಿಂದಲೇ ಅಂತ ತೋರಿಸಲು ಆಗುವುದಿಲ್ಲ, ಇಳಿದರಂತೂ ಮುಂದಿನ ರಿಪೋರ್ಟ್‌ನಲ್ಲಿ ತಡಬಡಾಯಿಸಬೇಕು. ಲೈಬ್ರರಿ ನೇರವಾಗಿ ಮುಟ್ಟುವ ಸಂಗತಿಗಳನ್ನೇ ಅಳೆಯಿರಿ: ಎಷ್ಟು ಮಕ್ಕಳು ಪುಸ್ತಕ ಒಯ್ದರು, ಎಷ್ಟು ಸಲ, ಯಾವ ಬಗೆಯದು, ಹಿಂದೆ ಬಾರದ ತರಗತಿಯವರು ಬರತೊಡಗಿದರೇ, ಎಷ್ಟು ಶಿಕ್ಷಕರು ಪಾಠಕ್ಕೆ ಲೈಬ್ರರಿ ಪುಸ್ತಕ ಬಳಸಿದರು.

ಬಜೆಟ್: ಪುಸ್ತಕದ ಬೆಲೆ ಪುಸ್ತಕದ ಖರ್ಚಲ್ಲ

ಅನುಭವಿಗಳು ಅರ್ಜಿ ಕೈಗೆ ಬಂದ ಕೂಡಲೇ ಮೊದಲು ಬಜೆಟ್ ಪುಟ ತಿರುಗಿಸುತ್ತಾರೆ. ಯೋಜನೆಯ ಪುಟದಲ್ಲಿ ಕಥೆ ಕಟ್ಟಬಹುದು, ಲೆಕ್ಕದಲ್ಲಿ ಕಷ್ಟ. ಯೋಜನೆಯಲ್ಲಿ ವಾರಕ್ಕೊಮ್ಮೆ ಓದುವ ಕೂಟ ಅಂತ ಬರೆದಿದ್ದು, ಬಜೆಟ್‌ನಲ್ಲಿ ಅದಕ್ಕೆ ಬಿಡಿಗಾಸೂ ಇಲ್ಲ, ಅದನ್ನು ಯಾರು ನಡೆಸುತ್ತಾರೆ ಅನ್ನುವುದೂ ಇಲ್ಲ ಅಂದರೆ, ಅದನ್ನು ಮಾಡುವ ಉದ್ದೇಶವಿಲ್ಲ ಅಂತಲೇ ಅವರು ತಿಳಿಯುತ್ತಾರೆ. ಎರಡೂ ಪುಟ ಒಂದನ್ನೊಂದು ಒಪ್ಪಬೇಕು.

ಹೊಸಬರು ಮಾಡುವ ಸರಳ ಲೆಕ್ಕ ಇದು: ಸಿಗುವ ಹಣವನ್ನು ಪುಸ್ತಕದ ಸರಾಸರಿ ಬೆಲೆಯಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಪುಸ್ತಕ. ಆದರೆ ಅಂಗಡಿಯಿಂದ ಬಂದ ಪುಸ್ತಕ ಮಗುವಿನ ಕೈಗೆ ಹೋಗುವಷ್ಟರಲ್ಲಿ ಸಾಗಣೆ, ತೆರಿಗೆ, ಮುದ್ರೆ, ನಂಬರ್, ಲೇಬಲ್, ಪ್ಲಾಸ್ಟಿಕ್ ಹೊದಿಕೆ, ಕಂಪ್ಯೂಟರ್ ಕ್ಯಾಟಲಾಗ್ ಇದ್ದರೆ ಬಾರ್‌ಕೋಡ್, ಇದೆಲ್ಲ ಆಗಬೇಕು. ಇಡಲು ಜಾಗವೂ ಬೇಕು. ಒಂದು ಮೀಟರ್ ಉದ್ದದ ಹಲಗೆಯಲ್ಲಿ ಸಾಧಾರಣ ದಪ್ಪದ ಕಥೆಪುಸ್ತಕಗಳು ಸುಮಾರು 25ರಿಂದ 30 ಹಿಡಿಸುತ್ತವೆ, ತೆಳ್ಳಗಿನ ಚಿತ್ರಪುಸ್ತಕಗಳಾದರೆ ಅದರ ಎರಡರಷ್ಟು. 600 ಕಥೆಪುಸ್ತಕಕ್ಕೆ 20ರಿಂದ 24 ಮೀಟರ್ ಹಲಗೆ ಬೇಕು. ಅಷ್ಟು ಜಾಗ ಇದೆಯೇ ಅಂತ ಟೇಪ್ ಹಿಡಿದು ಅಳೆದವರ ಅರ್ಜಿ ಓದುವಾಗಲೇ ಗೊತ್ತಾಗುತ್ತದೆ.

ಪ್ರತಿ ಸಾಲಿನ ಎದುರು ಆ ಮೊತ್ತ ಹೇಗೆ ಬಂತು ಅಂತ ಬರೆಯಬೇಕು. "ಪೀಠೋಪಕರಣ" ಅಂತ ಒಂದು ಇಡಿಗಂಟು ಮೊತ್ತ ಹಾಕಬೇಡಿ. ಎಷ್ಟು ಕಪಾಟು, ಒಂದಕ್ಕೆ ಎಷ್ಟು, ಯಾವ ಕೊಟೇಶನ್ ಆಧಾರ ಅಂತ ಇರಲಿ. ಸೊನ್ನೆಗಳಲ್ಲೇ ಮುಗಿಯುವ ಅಂಕಿಗಳು ಅಂದಾಜಿನವು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕೊಡುವವರ ಮಿತಿ ಎಷ್ಟಿದೆಯೋ ಅಷ್ಟನ್ನೂ ಕೇಳಲೇಬೇಕು ಅಂತೇನಿಲ್ಲ. ಹಾಗಂತ ಸಿಗಲಿ ಅನ್ನುವ ಆಸೆಗೆ ಬೇಕಾದ್ದಕ್ಕಿಂತ ಕಡಿಮೆ ಕೇಳುವುದೂ ಜಾಣತನ ಅಲ್ಲ. ಆ ಹಣದಲ್ಲಿ ಕೆಲಸ ಮುಗಿಯುವುದಿಲ್ಲ ಅಂತ ಓದಿದವರಿಗೆ ಅನಿಸಿದರೆ ಅದೂ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಕೊನೆಗೆ ಕೂಡುವ ಲೆಕ್ಕ. ಒಟ್ಟು ಮೊತ್ತ ತಪ್ಪಾಗಿರುವ ಬಜೆಟ್‌ಗಳು ಎಷ್ಟು ಬರುತ್ತವೆಯೆಂದರೆ, ಗಣಿತದ ಮೇಷ್ಟ್ರ ಕೈಲಿ ಒಮ್ಮೆ ತೋರಿಸಿ ಅನ್ನುವುದು ತಮಾಷೆಯ ಮಾತಲ್ಲ.

ಒಂದು ಉಪಾಯ ಹೇಳುವುದಾದರೆ, ಎಲ್ಲ ಪುಸ್ತಕಗಳನ್ನೂ ಒಂದೇ ಸಲ ಕೊಳ್ಳುವ ಯೋಜನೆ ಹಾಕಬೇಡಿ. ನೂರರಲ್ಲಿ ಅರವತ್ತು ಪಾಲು ಮೊದಲು, ಮೂರ್ನಾಲ್ಕು ತಿಂಗಳು ಮಕ್ಕಳು ಏನು ಒಯ್ಯುತ್ತಾರೆ ಅಂತ ನೋಡಿ ಉಳಿದ ನಲವತ್ತು. ದೊಡ್ಡವರು ಆರಿಸಿದ್ದೆಲ್ಲ ಮಕ್ಕಳಿಗೆ ಹಿಡಿಸುವುದಿಲ್ಲ. ಎರಡನೇ ಸುತ್ತಿನ ಆಯ್ಕೆಯಲ್ಲಿ ಮಕ್ಕಳ ಮಾತೂ ಇರುತ್ತದೆ ಅಂತ ಬರೆದರೆ ಅದು ಯೋಜನೆಗೂ ಬಲ, ನಿಜಕ್ಕೂ ಒಳ್ಳೆಯದು. ಎರಡು ಸುತ್ತಿನ ಖರೀದಿಗೆ ನಿಯಮ ಒಪ್ಪುತ್ತದೆಯೇ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ದುಡ್ಡು ಮುಗಿದ ಮೇಲೆ?

"ಗ್ರಾಂಟ್ ಅವಧಿ ಮುಗಿದ ಮೇಲೆ ಯೋಜನೆ ಹೇಗೆ ಮುಂದುವರಿಯುತ್ತದೆ?" ಬಹುತೇಕ ಫಾರಂಗಳಲ್ಲಿ ಈ ಪ್ರಶ್ನೆ ಇರುತ್ತದೆ. ಇದು ಇವತ್ತಿನ ಕಾಟ ಅಲ್ಲ. ಲೈಬ್ರರಿಗಳಿಗೆ ಹಣ ಕೊಟ್ಟವರಲ್ಲಿ ಬಹುಶಃ ಎಲ್ಲರಿಗಿಂತ ಹೆಸರುವಾಸಿಯಾದ ಆಂಡ್ರ್ಯೂ ಕಾರ್ನೆಗಿಯ ಕಾಲದಿಂದಲೂ ಇದೆ.

ಕಾರ್ನೆಗಿ 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಒಬ್ಬ ನೇಕಾರರ ಮಗನಾಗಿ ಹುಟ್ಟಿದವರು. ಅಮೆರಿಕಕ್ಕೆ ಹೋದ ಮೇಲೆ ದುಡಿಯುವ ಹುಡುಗನಾಗಿದ್ದಾಗ, ಜೇಮ್ಸ್ ಆಂಡರ್ಸನ್ ಅನ್ನುವವರ ಖಾಸಗಿ ಪುಸ್ತಕ ಸಂಗ್ರಹದಿಂದ ಓದಲು ಸಿಕ್ಕಿತು. ಮುಂದೆ ಆ ಲೈಬ್ರರಿಯ ನಿಯಮ ಬದಲಾಗಿ ತನ್ನಂಥವರಿಗೆ ಉಚಿತ ಪ್ರವೇಶ ತಪ್ಪಿದಾಗ ಹುಡುಗ ಪತ್ರಿಕೆಗೆ ಕಾಗದ ಬರೆದು ವಾದ ಮಾಡಿದ, ಪ್ರವೇಶವೂ ಸಿಕ್ಕಿತು. ಉಕ್ಕಿನ ಉದ್ಯಮದಲ್ಲಿ ಅಪಾರ ಹಣ ಮಾಡಿದ ಮೇಲೆ ಅದೇ ಮನುಷ್ಯ ಲೈಬ್ರರಿ ಕಟ್ಟಲು ಹಣ ಕೊಡತೊಡಗಿದರು. 1883ರಿಂದ 1929ರ ನಡುವೆ ಆ ಹಣದಿಂದ ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಲೈಬ್ರರಿಗಳು ಎದ್ದವು.

ಹಣ ಸುಮ್ನೆ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿ ಕಾರ್ನೆಗಿಯವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ ಅರ್ಜಿ ಹಾಕಿದ ಊರುಗಳಿಗೆ ಒಂದು ಪ್ರಶ್ನೆಪಟ್ಟಿ ಕಳಿಸುತ್ತಿದ್ದರು. ಜನಸಂಖ್ಯೆ ಎಷ್ಟು, ಈಗ ಲೈಬ್ರರಿ ಇದೆಯೇ, ಎಷ್ಟು ಪುಸ್ತಕ ಇವೆ, ಜನ ಎಷ್ಟು ಒಯ್ಯುತ್ತಾರೆ, ಹಣಕಾಸು ಹೇಗಿದೆ. ಇವತ್ತಿನ ಫಾರಂ ತುಂಬಿದವರಿಗೆ ಪರಿಚಿತ ಅನಿಸುತ್ತದೆ ಅಲ್ವಾ? ಊರು ತಾನೇ ಜಾಗ ಕೊಡಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಸಿಕ್ಕಿದ ಮೊತ್ತದ ಶೇಕಡಾ 10ರಷ್ಟನ್ನು ಪ್ರತಿ ವರ್ಷವೂ ತನ್ನ ತೆರಿಗೆ ಹಣದಿಂದ ಲೈಬ್ರರಿ ನಡೆಸಲು ಇಡುತ್ತೇವೆ ಅಂತ ಮಾತು ಕೊಡಬೇಕಿತ್ತು. ಕಟ್ಟಡ ನಾವು ಕೊಡುತ್ತೇವೆ, ನಡೆಸುವುದು ನಿಮ್ಮದು ಅನ್ನುವ ಲೆಕ್ಕ. ಇಷ್ಟೆಲ್ಲ ಆದರೂ ಕೊನೆಗೆ ಏನಾಯಿತು? 1916ರಲ್ಲಿ ಆಲ್ವಿನ್ ಜಾನ್ಸನ್ ಅನ್ನುವ ಅರ್ಥಶಾಸ್ತ್ರಜ್ಞ ಈ ಲೈಬ್ರರಿಗಳನ್ನು ಸುತ್ತಿ ನೋಡಿ, ಕಾರ್ನೆಗಿ ಹುಟ್ಟುಹಾಕಿದ ದತ್ತಿ ಸಂಸ್ಥೆಯಾದ ಕಾರ್ನೆಗಿ ಕಾರ್ಪೊರೇಶನ್‌ಗೆ ವರದಿ ಕೊಟ್ಟರು. ಕಟ್ಟಡಗಳಿವೆ, ತರಬೇತಾದ ಗ್ರಂಥಪಾಲಕರ ಕೊರತೆ ಇದೆ ಅನ್ನುವುದು ಅದರ ಮುಖ್ಯ ಮಾತು. 1917ರಲ್ಲಿ ಕಾರ್ಪೊರೇಶನ್ ಹೊಸ ಕಟ್ಟಡಗಳಿಗೆ ಗ್ರಾಂಟ್ ಕೊಡುವುದನ್ನು ನಿಲ್ಲಿಸಿತು, ಮೊದಲೇ ಒಪ್ಪಿದ್ದವು ಮಾತ್ರ ಆಮೇಲೂ ಏಳುತ್ತಿದ್ದವು.

ಹಾಗಾಗಿ ಮುಂದುವರಿಕೆಯ ಪ್ರಶ್ನೆಗೆ "ಶಾಲಾ ಆಡಳಿತ ಎಲ್ಲ ರೀತಿಯ ಸಹಕಾರ ನೀಡಲಿದೆ" ಅಂತ ಬರೆದರೆ ಅದು ಉತ್ತರವಾಗುವುದಿಲ್ಲ. ಯಾರು ಲೈಬ್ರರಿ ತೆರೆಯುತ್ತಾರೆ, ದಿನಕ್ಕೆ ಎಷ್ಟು ಹೊತ್ತು, ವೇಳಾಪಟ್ಟಿಯಲ್ಲಿ ಆ ಶಿಕ್ಷಕರಿಗೆ ಎಷ್ಟು ಅವಧಿ ಬಿಟ್ಟಿದ್ದಾರೆ, ಅವರಿಗೆ ವರ್ಗವಾದರೆ ಮುಂದೆ ಯಾರು. ಹರಿದ, ಕಳೆದ ಪುಸ್ತಕಗಳ ಜಾಗದಲ್ಲಿ ಹೊಸದು ತರಲು ವರ್ಷಕ್ಕೆ ಎಷ್ಟು ತೆಗೆದಿಡುತ್ತೀರಿ, ಅದು ಎಲ್ಲಿಂದ ಬರುತ್ತದೆ. ಪುಸ್ತಕ ಕಳೆಯುವುದೇ ಇಲ್ಲ ಅಂತ ಭರವಸೆ ಕೊಡಬೇಡಿ. ಕಳೆಯುತ್ತವೆ. ಒಂದೂ ಕಳೆಯದ ಲೈಬ್ರರಿಯ ಬೀಗ ತೆಗೆದಿದ್ದಾರೋ ಇಲ್ಲವೋ ಅನ್ನುವ ಅನುಮಾನ ಬರುತ್ತದೆ.

ಜೊತೆಗಿಡುವ ಕಾಗದಗಳು

ಬೆಂಬಲ ಪತ್ರಗಳ ಬಗ್ಗೆ ಎರಡು ಮಾತು. ಊರಿನ ಗಣ್ಯರಿಂದ "ಉತ್ತಮ ಶಾಲೆ, ಸಹಾಯ ಮಾಡಬೇಕೆಂದು ಕೋರುತ್ತೇನೆ" ಅನ್ನುವ ಐದು ಪತ್ರ ತರುವ ಬದಲು, "ಪ್ರತಿ ಶನಿವಾರ ಇಬ್ಬರು ಸ್ವಯಂಸೇವಕರನ್ನು ಕಳಿಸುತ್ತೇವೆ" ಅಂತ ಪೋಷಕರ ಸಂಘ ಬರೆದ ಒಂದು ಪತ್ರ ತನ್ನಿ. ಉಳಿದಂತೆ ಕೇಳಿದ ದಾಖಲೆಗಳನ್ನಷ್ಟೇ, ಕೇಳಿದ ಹೆಸರಿನಲ್ಲಿ ಫೈಲ್ ಮಾಡಿ ಕಳಿಸಿ. ಕೇಳದ ಫೋಟೋ ಆಲ್ಬಂ ಬೇಡ.

ಕಳಿಸುವ ಮೊದಲು ಶಾಲೆಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಓದಿ ಮುಗಿದ ಮೇಲೆ ಕಾಗದ ನೋಡದೆ ಹೇಳಲಿ: ಯಾವ ಮಕ್ಕಳಿಗೆ, ಏನು ಕೊರತೆ, ಏನು ಮಾಡುತ್ತಾರೆ, ಎಷ್ಟು ಹಣ. ಅವರು ತಡವರಿಸಿದ ಜಾಗ ತಿದ್ದಬೇಕಾದ ಜಾಗ. ಈಗ ಎಐ ಸಾಧನಗಳಿಂದ ಅರ್ಜಿ ಬರೆಸುವುದು ಜಾಸ್ತಿಯಾಗಿದೆ. ವ್ಯಾಕರಣ ತಿದ್ದಲು, ಉದ್ದ ಕಡಿಮೆ ಮಾಡಲು ಅನುಕೂಲವೇ. ಆದರೆ ನಿಮ್ಮ ರಿಜಿಸ್ಟರ್‌ನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಅಂಕಿ ಕೊಡದಿದ್ದರೆ ತಾನೇ ಒಂದು ಅಂಕಿ ಹುಟ್ಟಿಸಿ ಬರೆದುಬಿಡುವ ಅಪಾಯವೂ ಇದೆ. ಕೆಲವು ಸಂಸ್ಥೆಗಳು ಇದರ ಬಳಕೆಗೆ ನಿಯಮ ಇಟ್ಟಿರುತ್ತವೆ, ಅದನ್ನೂ ಓದಿಕೊಳ್ಳಿ.

ಉತ್ತರ ಬಂದ ಮೇಲೆ

ಇಲ್ಲ ಅಂತ ಉತ್ತರ ಬರುವ ಸಾಧ್ಯತೆಯೇ ಹೆಚ್ಚು, ಅರ್ಜಿ ಚೆನ್ನಾಗಿದ್ದರೂ. ಹಣ ಕೆಲವರಿಗಾಗುವಷ್ಟು, ಕೇಳುವವರು ಹಲವರು. ಒಂದು ಸಾಲಿನ ಧನ್ಯವಾದದ ಜೊತೆಗೆ ಸಮಿತಿಯ ಅಭಿಪ್ರಾಯ ಅಥವಾ ಅಂಕಗಳು ಸಿಗಬಹುದೇ ಅಂತ ಕೇಳಿ. ಎಲ್ಲರೂ ಕೊಡುವುದಿಲ್ಲ. ಕೊಟ್ಟರೆ ಮುಂದಿನ ಅರ್ಜಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ. ಅಗತ್ಯದ ವಿವರಣೆ, ಬೇಸ್‌ಲೈನ್, ಕೊಟೇಶನ್‌ಗಳು ನಿಮ್ಮಲ್ಲೇ ಇರುತ್ತವೆ, ಇನ್ನೊಂದು ಕಡೆಗೆ ಅವನ್ನು ಹೊಂದಿಸಿ ಬರೆಯಬಹುದು. ಆಗ ಹಳೆಯ ಸಂಸ್ಥೆಯ ಹೆಸರು ಎಲ್ಲಾದರೂ ಉಳಿದಿದೆಯೇ ಅಂತ ಮಾತ್ರ ಹುಡುಕಿ ತೆಗೆಯಿರಿ.

ಹೌದು ಅಂತ ಬಂದರೆ, ಮೊದಲು ಒಪ್ಪಂದ ಪತ್ರ ಓದಿ. ರಿಪೋರ್ಟ್ ಯಾವಾಗ, ಹಣ ಯಾವ ದಿನಾಂಕದೊಳಗೆ ಖರ್ಚಾಗಬೇಕು, ಪುಸ್ತಕಗಳ ಮೇಲೆ ಕೊಟ್ಟವರ ಹೆಸರಿನ ಚೀಟಿ ಅಂಟಿಸಬೇಕೇ. ಈ ಹಣಕ್ಕೆ ಬೇರೆ ಲೆಡ್ಜರ್ ತೆರೆಯಿರಿ, ಬಿಲ್ಲುಗಳನ್ನು ಬಂದ ದಿನವೇ ಫೈಲ್ ಮಾಡಿ. ಹೊಸ ಪುಸ್ತಕಗಳಿಗೆ ಆಕ್ಸೆಶನ್ ರಿಜಿಸ್ಟರ್‌ನಲ್ಲಿ ಗುರುತು ಹಾಕಿದರೆ ವರ್ಷದ ಕೊನೆಗೆ ಅವುಗಳದ್ದೇ ಲೆಕ್ಕ ತೆಗೆಯಲು ಸುಲಭ. ಕೊಳ್ಳಬೇಕೆಂದಿದ್ದ ಪುಸ್ತಕ ಸಿಗದೆ ಬೇರೆ ತರಬೇಕಾದರೆ, ಕಪಾಟು ಅಗ್ಗವಾಗಿ ಸಿಕ್ಕಿ ಹಣ ಉಳಿದರೆ, ಮೊದಲು ಬರೆದು ಕೇಳಿ, ಉತ್ತರ ಬಂದ ಮೇಲೆ ಬದಲಾಯಿಸಿ. ಮೊದಲೇ ಕೇಳಿದವರಿಗೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ, ಖರ್ಚು ಮಾಡಿ ಆಮೇಲೆ ತಿಳಿಸಿದವರಿಗೆ ಕಷ್ಟ.

ಅಂತಿಮ ರಿಪೋರ್ಟ್‌ನಲ್ಲಿ ಸರಿಹೋಗದ್ದನ್ನೂ ಬರೆಯಿರಿ. ಏಳನೇ ತರಗತಿಯವರು ನಿರೀಕ್ಷಿಸಿದಷ್ಟು ಬರಲಿಲ್ಲ, ಅವರ ಲೈಬ್ರರಿ ಅವಧಿ ಆಟದ ಅವಧಿಗೆ ತಾಗಿಕೊಂಡಿತ್ತು, ವರ್ಷದ ಎರಡನೇ ಭಾಗದಿಂದ ಅದನ್ನು ಬದಲಾಯಿಸಿದೆವು, ಆಮೇಲಿನ ಅಂಕಿ ಇದು. ಇಂಥ ರಿಪೋರ್ಟ್ ಕಳಿಸಿದ ಶಾಲೆಯ ಮುಂದಿನ ಅರ್ಜಿ ಬಂದಾಗ ಅದೇ ಸಂಸ್ಥೆಯವರು ಹಳೆಯ ಫೈಲ್ ತೆಗೆಸಿ ನೋಡುತ್ತಾರೆ. ಆ ಅರ್ಜಿಗೆ ಬೇಕಾದ ಬೇಸ್‌ಲೈನ್ ಆ ಫೈಲ್‌ನಲ್ಲೇ ಇರುತ್ತದೆ.